ನಾಲ್ಕೇ ಗೆರೆ, ಚೌಕ ಚುಕ್ಕಿ

ಪ್ರಶ್ನೆ: ಯೂರೋಪಿನ ಹಳೆಯ ಮಠವೊಂದರ ಹಾಡಿನ ಪುಸ್ತಕದ ಚಿತ್ರ ನೋಡಿದೆ. ನಾಲ್ಕೇ ಗೆರೆ, ಮೇಲೆ ಚೌಕ ಚುಕ್ಕಿಗಳು. ತಾಳದ ಗುರುತೇ ಇಲ್ಲ! ಇದನ್ನು ನೋಡಿ ಹೇಗೆ ಹಾಡುತ್ತಿದ್ದರು?
– ಓದುಗರೊಬ್ಬರು, ಮೈಸೂರು

ಉತ್ತರ: ತಾಳದ ಗುರುತು ಯಾಕಿಲ್ಲ ಅಂದರೆ ಅದರಲ್ಲಿ ತಾಳವೇ ಇಲ್ಲ. ಅದು ಗ್ರೆಗೋರಿಯನ್ ಗಾಯನ. ಲ್ಯಾಟಿನ್ ಪ್ರಾರ್ಥನೆಯನ್ನು ಪಕ್ಕವಾದ್ಯವಿಲ್ಲದೆ ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುತ್ತಾರೆ, ಮಾತಿನ ಓಟವೇ ಲಯ. ಆ ಗುರುತುಗಳ ಹೆಸರು ನ್ಯೂಮ್.

ನೀವು ನೋಡಿದ ಚೌಕಗಳು ತಡವಾಗಿ ಬಂದವು, ಸುಮಾರು 12-13ನೇ ಶತಮಾನದಲ್ಲಿ. ಅಗಲ ಮೂತಿಯ ಗರಿಯ ಲೇಖನಿಯಿಂದ ಬರೆದರೆ ಚುಕ್ಕಿ ತಾನಾಗಿ ಚೌಕವಾಗುತ್ತೆ. ಅದಕ್ಕೂ ಮುಂಚೆ, 9-10ನೇ ಶತಮಾನದಲ್ಲಿ, ಗೆರೆಯೇ ಇರಲಿಲ್ಲ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ 920ರ ದಶಕದ ಪುಸ್ತಕವೊಂದಿದೆ, ಹಸ್ತಪ್ರತಿ 359. ಅದರಲ್ಲಿ ಪದಗಳ ಮೇಲೆ ಸಣ್ಣ ಸಣ್ಣ ಕೊಕ್ಕೆ, ಗೀಟು, ಅಲೆ, ಅಷ್ಟೇ. ದನಿ ಏರಬೇಕಾ ಇಳಿಯಬೇಕಾ ಅಂತ ಅವು ಹೇಳುತ್ತವೆ, ಎಷ್ಟು ಏರಬೇಕು ಅಂತ ಹೇಳುವುದಿಲ್ಲ. ಅಂದರೆ ಹಾಡು ಬಾಯಿಪಾಠ ಇದ್ದವರಿಗೆ ಮಾತ್ರ ಉಪಯೋಗ, ಬರದವರಿಗೆ ಸುಮ್ನೆ ಗೀಚಿದ ಹಾಗೆ.

ಹಾಗಂತ ಅದು ಕಚ್ಚಾ ಕೆಲಸ ಅಂದುಕೊಳ್ಳಬೇಡಿ. ಕೊಕ್ಕೆಗಳ ಪಕ್ಕ ಪುಟ್ಟ ಅಕ್ಷರಗಳಿವೆ, ಒಂದು ಬೇಗ ಹೋಗು ಅನ್ನುತ್ತೆ, ಇನ್ನೊಂದು ಎಳೆದು ಹಾಡು ಅನ್ನುತ್ತೆ. ಎಲ್ಲಿ ನಿಲ್ಲಬೇಕು, ಎಲ್ಲಿ ಹಗುರವಾಗಿ ದಾಟಬೇಕು, ಎಲ್ಲವೂ ಅಲ್ಲೇ ಇದೆ.

ಕಲಿಸುವವರ ಪಾಡು ಮಾತ್ರ ಕಷ್ಟ. ಇಟಲಿಯ ಸನ್ಯಾಸಿ, ಅರೆಝೋದ ಗ್ವೀಡೋ, ಹತ್ತು ವರ್ಷ ಕಲಿತರೂ ಗಾಯಕರು ಪೂರ್ತಿ ತಯಾರಾಗುತ್ತಿಲ್ಲ ಅಂತ ಬೇಸರಪಟ್ಟುಕೊಂಡಿದ್ದ. 1025-30ರ ಸುಮಾರಿಗೆ ಅವನು ಗೆರೆಗಳ ಪದ್ಧತಿಯನ್ನು ಬಳಕೆಗೆ ತಂದ. ನಮ್ಮ ಸರಿಗಮದ ಹಾಗೆ ಅವರದು ದೋ-ರೇ-ಮಿ-ಫಾ; ಫಾ ಸ್ವರದ ಗೆರೆ ಕೆಂಪು, ದೋ ಸ್ವರದ್ದು ಹಳದಿ. ಒಂದೇ ವರ್ಷ, ಹೆಚ್ಚೆಂದರೆ ಎರಡು, ಅಷ್ಟರಲ್ಲಿ ಗಾಯಕನನ್ನು ತಯಾರು ಮಾಡ್ತೀನಿ ಅಂತ ಬರೆದ. ಪೋಪ್ 19ನೇ ಜಾನ್ ಅವನನ್ನು ರೋಮ್‌ಗೆ ಕರೆಸಿ, ಪುಸ್ತಕ ತೆರೆದು, ಹಿಂದೆ ಕೇಳಿರದ ಸಾಲೊಂದನ್ನು ತಾನೇ ಹಾಡಿ ನೋಡಿದರಂತೆ. ಇದನ್ನು ಹೇಳಿದ್ದು ಗ್ವೀಡೋನೇ, ಸ್ವಲ್ಪ ಜಂಬ ಇದ್ದಿರಬಹುದು ಬಿಡಿ.

ನಾಲ್ಕೇ ಗೆರೆ ಸಾಕಾಗುತ್ತೆ, ಯಾಕೆಂದರೆ ಈ ಹಾಡುಗಳು ಬಹುಪಾಲು ಒಂದು ಸ್ಥಾಯಿಯ ಆಸುಪಾಸಿನಲ್ಲೇ ಓಡಾಡುತ್ತವೆ, ಬೇಕಾದರೆ ಸಾಲಿನ ಮೊದಲಿನ ಕ್ಲೆಫ್ ಗುರುತನ್ನು, ಅಂದರೆ ಯಾವ ಗೆರೆ ಯಾವ ಸ್ವರ ಅಂತ ತೋರಿಸುವ ಗುರುತನ್ನು, ಬೇರೆ ಗೆರೆಗೆ ಸರಿಸಬಹುದು. ಒಂದರ ಮೇಲೊಂದು ಎರಡು ಚೌಕ ಇದ್ದರೆ ಕೆಳಗಿನದನ್ನು ಮೊದಲು ಹಾಡಬೇಕು. ಬಾಲ ಇರುವ ಚೌಕವನ್ನು ಎಳೆದು ಹಾಡಬೇಕು ಅಂತಲ್ಲ, ವಜ್ರದಾಕಾರದ್ದನ್ನು ಬೇಗ ಮುಗಿಸಬೇಕು ಅಂತಲೂ ಅಲ್ಲ.

ಆದರೆ ನನ್ನ ಪ್ರಕಾರ ಗೆರೆ ಬಂದಿದ್ದರಿಂದ ನಷ್ಟವೂ ಆಯ್ತು. ಸ್ವರ ಖಚಿತವಾಯ್ತು, ಪುಟ್ಟ ಅಕ್ಷರಗಳ ಸೂಕ್ಷ್ಮ ಮಾಯವಾಯ್ತು. ಕೃತಿಯ ಸರಿಗಮ ಮಾತ್ರ ಬರೆದಿಟ್ಟರೆ ಗಮಕ ಸಿಗುತ್ತಾ? ಹಾಗೇ ಇದೂ.

ಪ್ರಶ್ನೆ: ಹಾಗಾದರೆ ಈಗ ಹಾಡುವವರು ಏನು ಮಾಡುತ್ತಾರೆ?
– ಅವರೇ

ಉತ್ತರ: ಚೌಕ, ಹಳೆಯ ಕೊಕ್ಕೆ ಎರಡನ್ನೂ ಇಟ್ಟುಕೊಳ್ಳುತ್ತಾರೆ. ಫ್ರಾನ್ಸಿನ ಸೊಲೆಮ್ ಮಠದವರು 1889ರಿಂದ ಹಳೆಯ ಹಸ್ತಪ್ರತಿಗಳ ಫೋಟೋ ಪ್ರತಿಗಳನ್ನು ಅಚ್ಚು ಹಾಕಿಸಿದರು. 1979ರಲ್ಲಿ ಅವರು ತಂದ ‘ಗ್ರಾದುವಾಲೆ ತ್ರಿಪ್ಲೆಕ್ಸ್’ ಪುಸ್ತಕದಲ್ಲಿ ನಡುವೆ ಚೌಕ ಚುಕ್ಕಿ, ಮೇಲೆ ಕಪ್ಪು ಬಣ್ಣದಲ್ಲಿ ಫ್ರಾನ್ಸಿನ ಲಾಂ ಊರಿನ ಹಳೆಯ ಹಸ್ತಪ್ರತಿಯ ಗುರುತು, ಕೆಳಗೆ ಕೆಂಪಿನಲ್ಲಿ ಸೇಂಟ್ ಗಾಲ್ ಕಡೆಯ ಗುರುತು. ಸ್ವರಕ್ಕೆ ಚೌಕ ನೋಡಿ, ನಡೆಗೆ ಕೊಕ್ಕೆ ನೋಡಿ. ಹಸ್ತಪ್ರತಿ 359ರ ಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.