ಸಹಿ ಹಾಕಿದಳೋ ಇಲ್ಲವೋ, ಹೇಳಿಬಿಡಿ

ಪ್ರಶ್ನೆ: ನಾನು ಬರೆಯುತ್ತಿರುವುದು ಒಬ್ಬ ಅಕ್ಕ ಮತ್ತು ತಮ್ಮನ ಕತೆ. ಅಪ್ಪ ತೀರಿಕೊಂಡಿದ್ದಾರೆ. ಬೆಂಗಳೂರಿನಲ್ಲಿರುವ ತಮ್ಮನಿಗೆ ಅಡಿಕೆ ತೋಟ ಮಾರಬೇಕು. ಊರಲ್ಲೇ ಉಳಿದ ಅಕ್ಕನಿಗೆ ಮನಸ್ಸಿಲ್ಲ. ಅವಳ ಸಹಿ ಇಲ್ಲದೆ ಮಾರಾಟ ಆಗುವುದಿಲ್ಲ. ಮೊದಲು, ರಿಜಿಸ್ಟ್ರೇಷನ್ನಿಗೆ ಬರುವ ದಾರಿಯಲ್ಲಿ ತಮ್ಮ ಅಪಘಾತದಲ್ಲಿ ಸಾಯುವ ಹಾಗೆ ಬರೆದೆ. ಗೆಳತಿಯರು 'ಸುಮ್ನೆ ಮುಗಿಸಿಬಿಟ್ಟಿದ್ದೀಯ' ಅಂದರು. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಕ ಪೆನ್ನು ಹಿಡಿದು ಕೂತಲ್ಲಿಗೆ ನಿಲ್ಲಿಸಿದೆ. 'ಅರ್ಧಕ್ಕೇ ಬಿಟ್ಟೆಯಲ್ಲ' ಅಂದರು. ಕತೆ ಕಳಿಸಿದ್ದೇನೆ. ಹೇಗೆ ಮುಗಿಸಲಿ?

ಉತ್ತರ: ನಿಮ್ಮ ಗೆಳತಿಯರು ಎರಡು ಸಲವೂ ಸರಿಯಾಗಿಯೇ ಹೇಳಿದ್ದಾರೆ. ಕತೆ ಓದಿದೆ. ಮೊದಲ ಪುಟದಿಂದಲೇ ನನ್ನನ್ನು ಹಿಡಿದಿಟ್ಟದ್ದು ಒಂದೇ ಪ್ರಶ್ನೆ: ಇವಳು ಸಹಿ ಹಾಕುತ್ತಾಳಾ? ಅಪಘಾತ ಆ ತೀರ್ಮಾನವನ್ನು ಅವಳ ಕೈಯಿಂದ ಕಿತ್ತುಕೊಂಡಿತು. ಅಷ್ಟು ದಿನ ನಿದ್ದೆಗೆಟ್ಟು ಯೋಚಿಸಿದವಳು ಏನನ್ನೂ ಮಾಡದೆಯೇ ಕತೆ ಮುಗಿಯಿತು. ಬದುಕಿನಲ್ಲಿ ಅಪಘಾತ ಆಗುತ್ತದೆ, ನಿಜ. ಕತೆಯನ್ನು ಅಪಘಾತದಿಂದ ಶುರು ಮಾಡಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಅದರಿಂದಲೇ ಮುಗಿಸಿದರೆ ಮಾತ್ರ, ಲೇಖಕರಿಗೆ ದಾರಿ ಕಾಣಲಿಲ್ಲ ಅಂತ ಓದುಗರಿಗೆ ಗೊತ್ತಾಗಿಬಿಡುತ್ತದೆ.

ಎರಡನೆಯದರ ತೊಂದರೆ ಬೇರೆ. ಅವಳು ಏನು ಮಾಡಿದಳು ಅನ್ನುವುದನ್ನು ನೀವು ಬಚ್ಚಿಟ್ಟಿದ್ದೀರಿ. ಅದನ್ನೇ ಮುಕ್ತ ಅಂತ್ಯ ಅಂದುಕೊಂಡವರು ತುಂಬಾ ಜನ ಇದ್ದಾರೆ.

ಅನಂತಮೂರ್ತಿಯವರ 'ಸಂಸ್ಕಾರ' (1965) ಮುಕ್ತವಾಗಿಯೇ ಮುಗಿಯುತ್ತದೆ, ಅಲ್ವಾ? ಪಂಡಿತರಾದ ಪ್ರಾಣೇಶಾಚಾರ್ಯರು ಕೊನೆಗೆ ತಮ್ಮ ಅಗ್ರಹಾರ ದೂರ್ವಾಸಪುರದ ಕಡೆ ಹೋಗುವ ಗಾಡಿ ಹತ್ತುತ್ತಾರೆ. ಅಲ್ಲಿ ಏನು ಹೇಳುತ್ತಾರೆ, ಅಗ್ರಹಾರದವರು ಏನು ಮಾಡುತ್ತಾರೆ, ಯಾವುದೂ ಇಲ್ಲ. ಆದರೂ ಮೋಸ ಹೋದೆ ಅನ್ನಿಸುವುದಿಲ್ಲ. ಕಾದಂಬರಿ ಶುರುವಾದ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿರುತ್ತದೆ. ಆಚಾರ ಬಿಟ್ಟು ಬದುಕಿ ಸತ್ತ ಬ್ರಾಹ್ಮಣ ನಾರಣಪ್ಪನ ಹೆಣ ಸುಡುವವರು ಯಾರು? ಬ್ರಾಹ್ಮಣರು ಧರ್ಮಶಾಸ್ತ್ರ ನೋಡುತ್ತಾ ಕೂತಿರುವಾಗಲೇ ಅವನ ಜೊತೆ ಬಾಳಿದ್ದ ಚಂದ್ರಿ, ಅಹ್ಮದ್ ಬ್ಯಾರಿಯ ಸಹಾಯದಿಂದ, ರಾತ್ರೋರಾತ್ರಿ ಸುಟ್ಟು ಹೊರಟುಹೋಗುತ್ತಾಳೆ. ಇದು ನಡೆಯುವುದು ಕಾದಂಬರಿಯ ನಡುವೆ. ಅಲ್ಲಿಂದ ಮುಂದೆ ಪ್ರಶ್ನೆ, ಅದೇ ಚಂದ್ರಿಯನ್ನು ಕೂಡಿದ್ದ ಆಚಾರ್ಯರದ್ದೇ ಆಗುತ್ತದೆ: ನಾನೀಗ ಯಾರು, ಎಲ್ಲರೆದುರು ಏನೆಂದು ಹೇಳಲಿ? ಓಡಿಹೋಗಬಹುದಾಗಿದ್ದ ಮನುಷ್ಯ ವಾಪಸು ಹೊರಟರು ಅನ್ನುವುದು ನಮಗೆ ಗೊತ್ತು. ತೀರ್ಮಾನ ಆಗಿದೆ. ಅದರ ಫಲವಷ್ಟೇ ಮುಂದಿದೆ.

ಓದುಗರು ಕಾಯುವ ಉತ್ತರ ಅವರು ಊಹಿಸಿದ್ದೇ ಆಗಬೇಕು ಅಂತಲೂ ಇಲ್ಲ. ತೇಜಸ್ವಿಯವರ 'ಕರ್ವಾಲೊ'ದಲ್ಲಿ (1980) ಎಲ್ಲರೂ ಹುಡುಕಿಕೊಂಡು ಹೊರಟ ಹಾರುವ ಓತಿ ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗದೆ ಕಣಿವೆಗೆ ಹಾರಿಹೋಗುತ್ತದೆ. ಪುಸ್ತಕ ಮುಚ್ಚಿದಾಗ ನಿರಾಸೆಗಿಂತ ಬೆರಗೇ ಜಾಸ್ತಿ.

ಇನ್ನು ನಿಮ್ಮ ಕತೆ. ಅವಳು ಸಹಿ ಹಾಕಲಿ, ಇಲ್ಲಾ ಎದ್ದು ಬರಲಿ. ಎರಡರಲ್ಲಿ ಒಂದನ್ನು ಬರೆಯಿರಿ. ಯಾವುದು ಅಂತ ನಿಮ್ಮ ಎರಡನೇ ಪುಟವೇ ಹೇಳುತ್ತಿದೆ ಅಂತ ನನಗನ್ನಿಸುತ್ತದೆ. ಅಲ್ಲಿ ಅವಳು ಅಪ್ಪನ ಲೆಕ್ಕದ ಪುಸ್ತಕ ತೆರೆಯುತ್ತಾಳೆ. ತಮ್ಮನ ಇಂಜಿನಿಯರಿಂಗ್ ಫೀಸಿಗೆ ಅಪ್ಪ ಮಾಡಿದ ಸಾಲ ಅದರಲ್ಲಿದೆ. ಅದನ್ನು ತೀರಿಸಲು ಒತ್ತೆ ಇಟ್ಟ ಅವಳ ಬಳೆಗಳೂ ಇವೆ. ಎಷ್ಟು ಒಳ್ಳೆಯ ಜಾಗ ಅದು! ಆಮೇಲೆ ಆ ಪುಸ್ತಕ ಕತೆಯಲ್ಲಿ ಎಲ್ಲೂ ಇಲ್ಲ. ತಮ್ಮ ಅದನ್ನು ನೋಡಿದ್ದಾನಾ? ಅವಳು ತೋರಿಸುತ್ತಾಳಾ, ಸುಮ್ಮನಿರುತ್ತಾಳಾ? ಪುಸ್ತಕ ತೋರಿಸದೆಯೇ ಸಹಿ ಹಾಕಿದ ಅಕ್ಕ ಒಬ್ಬಳು. ಅದನ್ನು ಅವನೆದುರು ತೆರೆದಿಟ್ಟು, ಸಹಿ ಹಾಕದೆ ಬಸ್ಸು ಹತ್ತಿದ ಅಕ್ಕ ಇನ್ನೊಬ್ಬಳೇ. ನಿಮ್ಮವಳು ಯಾರು ಅಂತ ನಿಮಗೇ ಗೊತ್ತಿರಬೇಕು. ಅದು ತಿಳಿದರೆ, ಅಕ್ಕ ತಮ್ಮ ಮತ್ತೆ ಮಾತಾಡುತ್ತಾರೋ ಇಲ್ಲವೋ ಅನ್ನುವುದನ್ನು ಧೈರ್ಯವಾಗಿ ಓದುಗರಿಗೆ ಬಿಡಬಹುದು.

ಒಂದೇ ಸಲಕ್ಕೆ ಬರದಿದ್ದರೆ ಬೇಜಾರಾಗಬೇಡಿ. 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯ ಕೊನೆಯ ಪುಟವನ್ನು 39 ಸಲ ತಿದ್ದಿ ಬರೆದೆ ಅಂತ ಅದರ ಲೇಖಕ, ಅಮೆರಿಕದ ಹೆಮಿಂಗ್ವೇ ಸಂದರ್ಶನವೊಂದರಲ್ಲಿ ಹೇಳಿದ್ದರು.

ಹಾಗೇ, ಎರಡು ಕರಡುಗಳಲ್ಲೂ 'ಸಂಬಂಧಕ್ಕಿಂತ ಆಸ್ತಿ ದೊಡ್ಡದಲ್ಲ ಎಂದು ಅವಳಿಗೆ ಅರ್ಥವಾಗಿತ್ತು' ಅನ್ನುವ ಸಾಲಿದೆ. ಯಾವ ಅಂತ್ಯ ಬರೆದರೂ ಅದನ್ನು ತೆಗೆದುಹಾಕಿ.