ಹಾಡಿನ ಸದ್ದಿನ ಗುಣಮಟ್ಟದಲ್ಲಿ ಅನುಭವಿ ಕೇಳುಗರಿಗೆ ಕೇಳಿಸುವ ವ್ಯತ್ಯಾಸ ನನಗೆ ಕೇಳಿಸುವುದಿಲ್ಲ. ಅದು ಅವರ ಭ್ರಮೆಯೇ?

ಎಲ್ಲವೂ ಭ್ರಮೆಯಲ್ಲ. ಅವರ ಕಿವಿ ನಿಮ್ಮದಕ್ಕಿಂತ ಚುರುಕು ಅಂತಲೂ ಅಲ್ಲ. ವಯಸ್ಸಾದಂತೆ ತೀರಾ ಕೀಚಲು ಸದ್ದುಗಳು ಯಾರಿಗಾದರೂ ಕಡಿಮೆಯೇ ಕೇಳಿಸುತ್ತವೆ. ಆದರೆ ಎಲ್ಲಿ, ಏನನ್ನು ಗಮನಿಸಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಎಂಪಿ3 ಹಾಡನ್ನೇ ತಗೊಳ್ಳಿ. ಫೈಲು ಚಿಕ್ಕದಾಗಲೆಂದು ಸದ್ದನ್ನು ಪುಟ್ಟ ಪುಟ್ಟ ತುಣುಕು ಮಾಡಿ, ಪ್ರತಿಯೊಂದರಲ್ಲೂ ಒಂದಿಷ್ಟು ವಿವರ ಕೈಬಿಡುತ್ತಾರೆ. ಆಗ ಉಂಟಾಗುವ ಸಣ್ಣ ಗದ್ದಲ ಇಡೀ ತುಣುಕಿಗೆ ಹರಡಿಕೊಳ್ಳುತ್ತದೆ. ತಾಳದ ಪೆಟ್ಟು ತುಣುಕಿನ ಕೊನೆಗೆ ಬಿದ್ದರೆ, ಪೆಟ್ಟಿಗೆ ಮುಂಚೆಯೇ 'ಸ್ಸ್' ಎಂಬ ಮಸುಕು ಬಂದುಬಿಡುತ್ತದೆ. ಇದಕ್ಕೆ ಪ್ರೀ-ಎಕೋ ಅನ್ನುತ್ತಾರೆ. ಸ್ನೇಹಿತರೊಬ್ಬರು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್, ಅಂದರೆ ಸಾಕಷ್ಟು ಕುಗ್ಗಿಸಿದ) ಫೈಲಿನಲ್ಲಿ ಅದೇ ಎರಡು ಸೆಕೆಂಡು ಮತ್ತೆ ಮತ್ತೆ ಹಾಕಿ ತೋರಿಸುವವರೆಗೆ ನನಗೂ ಅದು ಕೇಳಿಸಿರಲಿಲ್ಲ. ಈಗ ಕೇಳಿಸದೆ ಇರುವುದೇ ಇಲ್ಲ! ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ, ಸದ್ದಿನ ಗುಣಮಟ್ಟ ಪರೀಕ್ಷಿಸುವ ಕ್ರಮ ಹೇಳುವ ಬಿಎಸ್ 1116 ಶಿಫಾರಸು ಕೂಡ ಇಂಥ ಸೂಕ್ಷ್ಮ ದೋಷ ಪತ್ತೆಗೆ ಪಳಗಿದ ಕೇಳುಗರೇ ಬೇಕೆನ್ನುತ್ತದೆ.

ಅದೇ ಶಿಫಾರಸಿನ ಪ್ರಕಾರ, ಅಂಕ ಕೊಡಬೇಕಾದ ಎರಡರಲ್ಲಿ ಯಾವುದು ಮೂಲ, ಯಾವುದು ಕುಗ್ಗಿಸಿದ್ದು ಅಂತ ಕೇಳುಗರಿಗೆ ಹೇಳುವಂತಿಲ್ಲ. ಇದು ಬಹಳ ಮುಖ್ಯ. ಉಪಕರಣದ ಬೆಲೆ ಗೊತ್ತಿದ್ದರೆ ದುಬಾರಿಯದೇ ಇಂಪೆನಿಸುತ್ತದೆ. ವಾಲ್ಯೂಮ್ ಕೂದಲೆಳೆಯಷ್ಟು ಹೆಚ್ಚಿದ್ದರೂ ಹಾಗೆಯೇ, ಎಷ್ಟೇ ಪಳಗಿದವರಿಗೂ.

ಹಾಗಾಗಿ ಅನುಭವಿಗಳು ಏನಾದರೂ ಹೇಳಿದಾಗ ವಾದಕ್ಕಿಳಿಯಬೇಡಿ. "ಹಾಡಿನ ಯಾವ ಜಾಗದಲ್ಲಿ ಸರ್?" ಎಂದು ಕೇಳಿ. ಜಾಗ ತೋರಿಸಿದರೆ ವಾಲ್ಯೂಮ್ ಸಮ ಮಾಡಿಕೊಂಡು, ಬೇರೆಯವರ ಕೈಯಲ್ಲಿ ಅದಲುಬದಲು ಮಾಡಿಸಿ, ಹೆಸರು ನೋಡದೆ ನೀವೇ ಹತ್ತಾರು ಸಲ ಕೇಳಿ.