ಕೊನೆಯ ಸಾಲಿನ ‘ನೆಮ್ಮದಿ’

ಪ್ರಿಯ ಲೇಖಕರೇ,

ನಿಮ್ಮ ‘ಆಕಾಶದ ಸಿಡಿಲು’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಒಂದು ಸಾಲಿನಲ್ಲಿ ವಿಷಾದ ತಿಳಿಸಿ ಮುಗಿಸಬಹುದಿತ್ತು. ಆದರೆ ಎರಡನೆಯ ಪುಟದಲ್ಲಿ ನಿಮ್ಮ ಪೈಲಟ್ ಕೈಗವಸು ಕಳಚಿ, ಇನ್ನೂ ಬೆಚ್ಚಗಿರುವ ಎಂಜಿನ್ನಿನ ಹೊದಿಕೆಯ ಮೇಲೆ ಅಂಗೈ ಇಡುತ್ತಾನೆ. ಆ ವಾಕ್ಯ ಬರೆದವರಿಗೆ ಬರಿದೇ ಇಲ್ಲವೆನ್ನಲು ಮನಸ್ಸು ಬರಲಿಲ್ಲ.

ಕಥೆ ಇಷ್ಟು: 1944ರ ಶರತ್ಕಾಲದ ಜರ್ಮನಿ. ಮೆಸರ್‌ಶ್ಮಿಟ್ 262 ಜೆಟ್ ಏರಿದ ಯುವಕ ನಾಲ್ಕು ಅಮೆರಿಕನ್ ಮಸ್ಟಾಂಗ್ ಪ್ರೊಪೆಲ್ಲರ್ ವಿಮಾನಗಳ ಜೊತೆ ಸುತ್ತಿ ಸುತ್ತಿ ಕಾದಾಡುತ್ತಾನೆ, ನಾಲ್ಕನ್ನೂ ಉರುಳಿಸುತ್ತಾನೆ, ಕೊನೆಯ ಸಾಲಿನಲ್ಲಿ ‘ನೆಮ್ಮದಿಯಿಂದ ನೆಲಕ್ಕಿಳಿಯುತ್ತಾನೆ’.

ಮೊದಲು ಆ ಸುತ್ತಾಟದ ಮಾತು. ಜೆಟ್‌ನ ವೇಗ ಗಂಟೆಗೆ ಸುಮಾರು 870 ಕಿಲೋಮೀಟರ್, ಮಸ್ಟಾಂಗ್‌ನದು ಸುಮಾರು 700. ಈ ಅಂತರವೊಂದೇ ನಿಮ್ಮ ಯುವಕನ ಬಂಡವಾಳ. ಬಿಗಿಯಾಗಿ ತಿರುಗತೊಡಗಿದರೆ ಅದು ಕರಗುತ್ತದೆ, ಕಳೆದ ವೇಗವನ್ನು ಆ ಎಂಜಿನ್ ಬೇಗ ಮರಳಿಸಿಕೊಡುವುದಿಲ್ಲ. ಪ್ರೊಪೆಲ್ಲರ್ ವಿಮಾನವಾದರೋ ಚಿಕ್ಕ ವೃತ್ತದಲ್ಲಿ ತಿರುಗಿ ಬೆನ್ನಿಗೆ ಬೀಳುತ್ತದೆ. ಬದುಕಬೇಕೆಂದ ಜೆಟ್ ಪೈಲಟ್ ಎರಗಿ, ಹೊಡೆದು, ನಿಲ್ಲದೆ ಹೋಗಿಬಿಡುತ್ತಿದ್ದ. ಅವನ ಮುಖ್ಯ ಬೇಟೆಯೂ ಬಾಂಬರ್. ಮೂತಿಯಲ್ಲಿದ್ದ ನಾಲ್ಕು 30 ಮಿಲಿಮೀಟರ್ ಫಿರಂಗಿಗಳ ಗುಂಡಿನ ವೇಗ ಕಡಿಮೆಯಾದ್ದರಿಂದ ತೀರ ಹತ್ತಿರ ಹೋಗಬೇಕಿತ್ತು. ಸೆಕೆಂಡಿಗೆ ನೂರು ಮೀಟರಿಗೂ ಮಿಕ್ಕಿದ ವೇಗದಲ್ಲಿ ಬಾಂಬರ್ ಎದುರಿಗೆ ಬೆಳೆಯುತ್ತ ಬರುವಾಗ ಗುರಿ ಹಿಡಿದು ಹೊಡೆಯಲು ಸಿಗುತ್ತಿದ್ದುದು ಕೆಲವೇ ಕ್ಷಣ. ನೀವು ಅದಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ.

ಇದು ತಿದ್ದಬಹುದಾದ ತಪ್ಪು. ನನಗೆ ನಿಜಕ್ಕೂ ನೋವಾದದ್ದು ಆ ‘ನೆಮ್ಮದಿ’ಯಿಂದ. ಕಥೆ ಶುರುವಾಗಬೇಕಾದ ಜಾಗದಲ್ಲೇ ನೀವು ಅದನ್ನು ಮುಗಿಸಿಬಿಟ್ಟಿದ್ದೀರಿ.

ಅದೇ ಎಂಜಿನ್ನನ್ನು ನೆನೆಯಿರಿ, ನಿಮ್ಮ ಹುಡುಗ ಅಂಗೈ ಇಟ್ಟದ್ದನ್ನು. ಯುದ್ಧಕಾಲದ ಜರ್ಮನಿಗೆ ನಿಕಲ್, ಕ್ರೋಮಿಯಂ ಸಾಕಷ್ಟು ಸಿಗುತ್ತಿರಲಿಲ್ಲ. ಉರಿಯುವ ಭಾಗಗಳಲ್ಲಿ ಕೆಲವನ್ನು ಸಾಧಾರಣ ಉಕ್ಕಿಗೆ ಅಲ್ಯೂಮಿನಿಯಂ ಲೇಪಿಸಿ ಮಾಡುತ್ತಿದ್ದರು. ಎಂಜಿನ್ನಿನ ಆಯುಸ್ಸು ಹತ್ತರಿಂದ ಇಪ್ಪತ್ತೈದು ಗಂಟೆ. ಎಂಜಿನ್ನಿನ ಶಕ್ತಿ ಏರಿಳಿಸುವ ಹಿಡಿಕೆಯಾದ ಥ್ರಾಟಲನ್ನು ಮೆಲ್ಲಮೆಲ್ಲನೆ ಸರಿಸಬೇಕು. ಗಾಬರಿಯಲ್ಲಿ ತಳ್ಳಿದರೆ ಬೆಂಕಿ ಹತ್ತುತ್ತದೆ, ಇಲ್ಲವೇ ಎಂಜಿನ್ ಆರಿಹೋಗುತ್ತದೆ. ಈಗ ಅವನನ್ನು ಇಳಿಸಿ: ಚಕ್ರ ಹೊರಗಿದೆ, ವೇಗ ತಗ್ಗಿದೆ, ರನ್‌ವೇ ಕಡೆಗೆ ನೇರವಾಗಿ ಬರಲೇಬೇಕು. ಹಿಂದೆ ಶತ್ರು ಕಂಡರೂ ಥ್ರಾಟಲ್ ಮೇಲಿನ ಕೈ ಅವಸರಪಡುವಂತಿಲ್ಲ. ಆಕಾಶದ ಅತಿ ವೇಗದ ಯಂತ್ರದಲ್ಲಿ ಕುಳಿತವನು ಆ ಎರಡು ನಿಮಿಷ ಎಲ್ಲರಿಗಿಂತ ನಿಸ್ಸಹಾಯಕ.

ಮಸ್ಟಾಂಗ್ ಪೈಲಟ್‌ಗಳಿಗೆ ಇದು ಬೇಗ ಗೊತ್ತಾಯಿತು. 1944ರ ಅಕ್ಟೋಬರ್ 7ರಂದು ಆಖ್ಮರ್ ನೆಲೆಯಿಂದ ಆಗಷ್ಟೇ ಮೇಲೇರುತ್ತಿದ್ದ ಎರಡು ಜೆಟ್‌ಗಳನ್ನು ಅರ್ಬನ್ ಡ್ರೂ ಒಬ್ಬನೇ ಕೆಡವಿದ. ನವೆಂಬರ್ 8ರಂದು ಆ ಜೆಟ್ ಪಡೆಯ ನಾಯಕ ವಾಲ್ಟರ್ ನೊವೊಟ್ನಿ ತನ್ನ ನೆಲೆಯ ಹತ್ತಿರವೇ ಬಿದ್ದು ಸತ್ತ. 250ಕ್ಕೂ ಹೆಚ್ಚು ವಿಮಾನಗಳನ್ನು ಕೆಡವಿದ ಲೆಕ್ಕವಿದ್ದವನು ಅವನು. ಕೊನೆಗೆ ಜೆಟ್‌ಗಳು ಏರಿಳಿಯುವಾಗ ಕಾವಲಿಗೆ ನಿಂತವು ಫೋಕೆ-ವುಲ್ಫ್ 190 ವಿಮಾನಗಳು, ಪ್ರೊಪೆಲ್ಲರಿನವು! ಹೊಸ ಯುಗವನ್ನು ಹಳೆಯದು ಬಾಗಿಲವರೆಗೆ ಕೈಹಿಡಿದು ತಂದ ಈ ದೃಶ್ಯ ನಿಮ್ಮ ಕಥೆಯಲ್ಲಿ ಎಲ್ಲೂ ಇಲ್ಲ. ಆ ಕಾವಲು ವಿಮಾನದ ವಿನ್ಯಾಸಕ ಕುರ್ಟ್ ಟ್ಯಾಂಕ್ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ಬಂದು, 1961ರಲ್ಲಿ ಮೊದಲು ಹಾರಿದ ನಮ್ಮ ಮಾರುತ್ ಜೆಟ್ಟನ್ನು ರೂಪಿಸಿದರು. ಇದನ್ನು ಕಥೆಗೆ ತುರುಕಬೇಡಿ. ನೀವು ಬೆಂಗಳೂರಿನವರೆಂದು ಬರೆದಿದ್ದರಿಂದ ಹೇಳಿದೆ.

‘ಆಫ್ಟರ್‌ಬರ್ನರ್’ ಎಂಬ ಪದ ತೆಗೆಯಿರಿ, ಜೆಟ್‌ನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಉರಿಸಿ ವೇಗ ಹೆಚ್ಚಿಸುವ ಆ ಸಾಧನ ಆ ವಿಮಾನಕ್ಕೆ ಇರಲಿಲ್ಲ. ‘ವೀರ’ ಎಂಬ ಪದ ಒಂಬತ್ತು ಕಡೆ ಬಂದಿದೆ, ಅದನ್ನೂ ತೆಗೆಯಿರಿ. ಈ ಜೆಟ್‌ಗಳ ಒಡಲನ್ನು ಯುದ್ಧದ ಕೊನೆಯ ತಿಂಗಳುಗಳಲ್ಲಿ ಆಸ್ಟ್ರಿಯದ ಗುಸೆನ್ ಎಂಬ ನಾಜಿ ಸೆರೆಶಿಬಿರದ ಕೈದಿಗಳಿಂದ ಸುರಂಗಗಳೊಳಗೆ ಮಾಡಿಸಿದರು. ಬಹಳ ಜನ ಅಲ್ಲೇ ಸತ್ತರು. ಅದು ಗೊತ್ತಿದ್ದ ಓದುಗನಿಗೆ ನಿಮ್ಮ ‘ವೀರ’ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮ ಹುಡುಗನನ್ನು ಹೆದರಿದ ಇಪ್ಪತ್ತರ ಯುವಕನಾಗಿ ಮಾತ್ರ ಬಿಡಿ. ನಾನು ಅವನ ಜೊತೆ ಕೊನೆಯವರೆಗೂ ಬರುತ್ತೇನೆ.

ಕಾದಾಟದ ನಾಲ್ಕು ಪುಟವನ್ನು ಅರ್ಧ ಪುಟಕ್ಕೆ ಇಳಿಸಿ. ಉಳಿದುದೆಲ್ಲ ಆ ಎರಡು ನಿಮಿಷವಾಗಲಿ: ಚಕ್ರ ಕೆಳಗಿಳಿದ ಸದ್ದು, ಇಂಧನದ ಮುಳ್ಳು, ಹಿಂದಕ್ಕೆ ತಿರುಗಿ ತಿರುಗಿ ನೋಯುವ ಕುತ್ತಿಗೆ, ಥ್ರಾಟಲ್ ಮೇಲೆ ನಡುಗದಂತೆ ಹಿಡಿದ ಕೈ. ಅಂಗೈಯ ವಾಕ್ಯವನ್ನು ಮಾತ್ರ ಮುಟ್ಟಬೇಡಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ.

ನಿಮ್ಮ,
ಸಂಪಾದಕ